ಎಡಗೈಗೂ ಒಗ್ಗುವ ಕ್ಷೌರಕತ್ತಿ: ಐದು ತಿಂಗಳ ಬಳಕೆಯ ನಂತರ

ಜರ್ಮನಿಯ ಜೋಲಿಂಗೆನ್ ನಗರದಲ್ಲಿ ತಯಾರಾದ, 5/8 ಅಂಗುಲ ಅಗಲದ ಅಲಗಿರುವ ಮಡಚು ಕ್ಷೌರಕತ್ತಿಯೊಂದನ್ನು ಐದು ತಿಂಗಳಿಂದ ಬಳಸುತ್ತಿದ್ದೇನೆ. ನಾನು ಹುಟ್ಟಿನಿಂದ ಬಲಗೈ ರೂಢಿಯವನು. ಆದರೂ ಬಲಗೆನ್ನೆಗೆ ಬಲಗೈ, ಎಡಗೆನ್ನೆಗೆ ಎಡಗೈ ಎಂದು ಮೊದಲ ವಾರದಲ್ಲೇ ನಿಯಮ ಹಾಕಿಕೊಂಡೆ. ಆದ್ದರಿಂದ ಈ ವಿಮರ್ಶೆ ಕತ್ತಿಯ ಹರಿತದ ಬಗ್ಗೆ ಎಷ್ಟೋ, ರೂಢಿಯಿಲ್ಲದ ಕೈಗೆ ಅದು ಎಷ್ಟರ ಮಟ್ಟಿಗೆ ಒಗ್ಗುತ್ತದೆ ಎಂಬುದರ ಬಗ್ಗೆಯೂ ಅಷ್ಟೇ ಆಗಿದೆ.

ಎಡಗೈ ಏಕೆ ಬೇಕು ಎಂಬ ಪ್ರಶ್ನೆಗೆ ಕನ್ನಡಿಯೇ ಉತ್ತರ ಕೊಡುತ್ತದೆ. ಬಲಗೈಯಲ್ಲಿ ಕತ್ತಿ ಹಿಡಿದು ಎಡಗೆನ್ನೆಗೆ ಹೋದರೆ ಮುಂಗೈ ಮೂಗು, ಬಾಯಿಗಳ ಮೇಲೆ ಅಡ್ಡ ಬರುತ್ತದೆ, ಹೆರೆಯಬೇಕಾದ ಜಾಗ ಕೈಯ ಹಿಂದೆ ಮರೆಯಾಗುತ್ತದೆ, ಮಣಿಕಟ್ಟು ತಿರುಚಿಕೊಂಡು ಅಲಗು ಚರ್ಮದಿಂದ ಮೇಲಕ್ಕೆದ್ದು ನಿಲ್ಲುತ್ತದೆ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ ಸಾಗಬೇಕು. ಅದಕ್ಕಿಂತ ಹೆಚ್ಚು ನಿಂತರೆ ಕೆರೆತ ಮತ್ತು ಗಾಯ, ತೀರಾ ಮಲಗಿದರೆ ಕೂದಲನ್ನು ಕತ್ತರಿಸದೆ ಎಳೆದು ನೋಯಿಸುತ್ತದೆ. ಎಡಗೈಯಲ್ಲಿ ಹಿಡಿದಾಗ ಈ ಓರೆ ಬಲಗೆನ್ನೆಯಲ್ಲಿ ಸಿಗುವಷ್ಟೇ ಸಹಜವಾಗಿ ಸಿಗುತ್ತದೆ.

ಗಾಂಧಿ ಬಜಾರಿನ ಹತ್ತಿರ ನಾನು ಬಹಳ ವರ್ಷಗಳಿಂದ ಹೋಗುವ ಕಟಿಂಗ್ ಶಾಪಿನ ಹಿರಿಯರಲ್ಲಿ ಈ ವಿಷಯ ಕೇಳಿದ್ದೆ. ಅವರು ಎಂದೂ ಕೈ ಬದಲಿಸಿದ್ದನ್ನು ನಾನು ನೋಡಿಲ್ಲ. "ನಮಗೆ ಅದು ಬೇಕಾಗಲ್ಲ ಸಾರ್. ನಾವು ಕುರ್ಚಿ ಸುತ್ತ ಓಡಾಡ್ತೀವಿ, ನಿಮ್ಮ ತಲೆ ತಿರುಗಿಸ್ಕೋತೀವಿ. ನಿಮ್ಮ ಮುಖದ ಸುತ್ತ ನೀವೇ ಓಡಾಡೋಕಾಗಲ್ವಲ್ಲ" ಎಂದರು. ಕೈ ಬದಲಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣವನ್ನು ನಾನು ಬೇರೆಲ್ಲೂ ಕೇಳಿಲ್ಲ. ಅವರ ಅಂಗಡಿಯಲ್ಲಿ ಈಗಿರುವುದು ಅರ್ಧ ಬ್ಲೇಡ್ ಸಿಕ್ಕಿಸುವ ಉಸ್ತ್ರ. ರಕ್ತದ ಮೂಲಕ ಹರಡುವ ಸೋಂಕುಗಳ ಅರಿವು ಹೆಚ್ಚಿದ ಮೇಲೆ ಸಾಣೆ ಹಿಡಿಯುವ ಹಳೆಯ ಕತ್ತಿಗಳು ಅಂಗಡಿಗಳಿಂದ ಮರೆಯಾದವು, ಹಾಗಾದದ್ದು ಸರಿಯೇ. ಮನೆಯಲ್ಲಿ ಒಬ್ಬರೇ ಬಳಸುವ ಕತ್ತಿಗೆ ಆ ಆತಂಕವಿಲ್ಲ.

ನಾನೂ ಮೊದಲು ಚಿಕ್ಕಪೇಟೆಯಲ್ಲಿ ಕೊಂಡ ಅಂಥದೇ ಉಸ್ತ್ರದಿಂದ ಆರಂಭಿಸಿದ್ದೆ. ಅಗ್ಗ, ಮಸೆಯುವ ಕೆಲಸವಿಲ್ಲ, ಮೊಂಡಾದರೆ ಬ್ಲೇಡ್ ಬದಲಿಸಿದರೆ ಮುಗಿಯಿತು. ಆದರೆ ಅರ್ಧ ಬ್ಲೇಡಿನ ಎರಡೂ ಮೂಲೆಗಳು ಚೂಪಾಗಿರುತ್ತವೆ, ಉಸ್ತ್ರವೂ ತೀರಾ ಹಗುರ. ಪಳಗಿದ ಕೈ ಆ ಮೂಲೆಗಳನ್ನು ತಾನಾಗಿಯೇ ಎತ್ತಿ ಹಿಡಿಯುತ್ತದೆ, ಪಳಗದ ಎಡಗೈಗೆ ಅದು ತಿಳಿಯದು. ದವಡೆಯ ಮೂಲೆಯಲ್ಲಿ ನನಗಾದ ಎರಡು ಗಾಯಗಳೂ ಬ್ಲೇಡಿನ ಮೂಲೆಯಿಂದಲೇ ಆದವು. ಅನಂತರ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ಕಡಿಮೆ ಬೆಲೆಗೆ ತರಿಸಿದ ಕತ್ತಿ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಅದರ ಬೆನ್ನೇ, ಅಂದರೆ ಹರಿತವಿಲ್ಲದ ದಪ್ಪ ಅಂಚೇ, ನೇರವಾಗಿರಲಿಲ್ಲ. ಮಸೆಯುವಾಗ ಬೆನ್ನು ಮತ್ತು ಬಾಯಿ (ಹರಿತದ ಅಂಚು) ಎರಡೂ ಕಲ್ಲಿನ ಮೇಲೆ ಒಟ್ಟಿಗೆ ಕೂರಬೇಕು. ಬೆನ್ನು ಸೊಟ್ಟಗಿದ್ದರೆ ಎಷ್ಟು ತಿಕ್ಕಿದರೂ ಬಾಯಿ ಒಂದೇ ಸಮನೆ ಹರಿತವಾಗುವುದಿಲ್ಲ. ಆ ಹಣ ವ್ಯರ್ಥವಾಯಿತು.

ಈಗಿನ ಕತ್ತಿಯಲ್ಲಿ ಮೂರು ಸಂಗತಿಗಳು ಎಡಗೈಯ ದೃಷ್ಟಿಯಿಂದ ಮುಖ್ಯವೆಂದು ನನಗೆ ಕಂಡಿದೆ. ಅಲಗಿನ ತುದಿ ದುಂಡಗಿರುವುದರಿಂದ ಕಿವಿಯ ಹಾಲೆಯ ಹತ್ತಿರವೂ ಮೂಗಿನ ಪಕ್ಕದಲ್ಲೂ ಅದು ಚುಚ್ಚುವುದಿಲ್ಲ. ಅಲಗಿಗೂ ಹಿಂತುದಿಯ ಬಾಗಿದ ಬಾಲಕ್ಕೂ ನಡುವಿನ ಕುತ್ತಿಗೆಯ ಅಡಿಯಲ್ಲಿ ಸಣ್ಣ ಗೀರುಗಳನ್ನು ಕೊರೆದಿದ್ದಾರೆ. ಹೆಬ್ಬೆರಳು ಅಲ್ಲಿ ಕೂರುತ್ತದೆ, ಮೂರು ಬೆರಳುಗಳು ಮೇಲೆ, ಕಿರುಬೆರಳು ಬಾಲದ ಮೇಲೆ. ಸೋಪಿನ ನೀರಿನಲ್ಲಿ ನೆನೆದ ಎಡಗೈ ಹೆಬ್ಬೆರಳು ಜಾರದಂತೆ ತಡೆಯುವುದು ಆ ಗೀರುಗಳೇ. ಕತ್ತರಿಯಲ್ಲಿರುವಂಥ ಬಲಗೈಯದು, ಎಡಗೈಯದು ಎಂಬ ಭೇದ ಇದರಲ್ಲಿಲ್ಲ, ಎರಡು ಮಗ್ಗುಲೂ ಒಂದೇ ತೆರನಾಗಿವೆ.

ಮೂರನೆಯದು ಸದ್ದು. ಎರಡೂ ಬದಿಯಿಂದ ಆಳವಾಗಿ ಒಳಬಾಗುವಂತೆ ತೆಗೆದ ಅಲಗು ಬಾಯಿಯ ಹತ್ತಿರ ಬಹಳ ತೆಳುವಾಗಿರುವುದರಿಂದ ಕೂದಲು ಕತ್ತರಿಸುವಾಗ ಸಣ್ಣಗೆ ಚರಚರ ಎನ್ನುತ್ತದೆ. ಓರೆ ಸರಿಯಿದ್ದಾಗ ಆ ಸದ್ದು ಒಂದೇ ಶ್ರುತಿಯಲ್ಲಿ ಸಾಗುತ್ತದೆ, ಓರೆ ಕೆಟ್ಟರೆ ಒರಟಾಗುತ್ತದೆ ಅಥವಾ ನಿಂತೇಹೋಗುತ್ತದೆ. ಎಡಗೈಯ ಬೆರಳುಗಳಿಗೆ ಇನ್ನೂ ತಿಳಿಯದ್ದನ್ನು ಮೊದಲ ವಾರಗಳಲ್ಲಿ ನನಗೆ ಕಿವಿ ತಿಳಿಸಿತು. ಬೆಳಗಿನ ಜಾವ, ರಸ್ತೆಯಲ್ಲಿ ವಾಹನಗಳ ಸದ್ದು ಶುರುವಾಗುವ ಮೊದಲೇ ಕ್ಷೌರ ಮಾಡಿಕೊಳ್ಳುವ ಅಭ್ಯಾಸ ನನಗೆ ಬಂದದ್ದು ಇದಕ್ಕಾಗಿಯೇ.

ಕೈ ಪಳಗಿಸುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ಹತ್ತು ದಿನ ಬ್ಲೇಡ್ ಇಲ್ಲದ ಹಳೆಯ ಉಸ್ತ್ರವನ್ನು ಎಡಗೈಯಲ್ಲಿ ಹಿಡಿದು, ಕೆನ್ನೆಗೆ ನೊರೆ ಹಚ್ಚಿ, ನೊರೆಯನ್ನಷ್ಟೇ ತೆಗೆಯುವ ಅಭ್ಯಾಸ ಮಾಡಿದೆ. ಆಮೇಲೆ ನಿಜವಾದ ಕತ್ತಿ, ಅದೂ ಎಡಗೆನ್ನೆಯ ಸಮತಟ್ಟಾದ ಭಾಗಕ್ಕೆ ಮಾತ್ರ, ಕಿವಿಯ ಪಕ್ಕದಿಂದ ಕೆಳಕ್ಕೆ, ಒಂದು ಅಂಗುಲವನ್ನೂ ಮೀರದ ಎಳೆತಗಳಲ್ಲಿ. ಮೂರು ವಾರಗಳಲ್ಲಿ ಎಡಗೈಯ ನಡುಕ ನಿಂತಿತು. ಆದರೂ ಎಡಗೆನ್ನೆ ಬಲಗೆನ್ನೆಯಷ್ಟು ನುಣುಪಾಗುತ್ತಿರಲಿಲ್ಲ. ತಪ್ಪು ಎಡಗೈಯದೆಂದೇ ನಾನು ಬಹಳ ದಿನ ನಂಬಿದ್ದೆ. ಒಂದು ದಿನ ಕನ್ನಡಿಯಲ್ಲಿ ಕತ್ತಿಯನ್ನು ಬಿಟ್ಟು ಇನ್ನೊಂದು ಕೈಯನ್ನು ಗಮನಿಸಿದಾಗ ಕಾರಣ ತಿಳಿಯಿತು. ಬಲಗೆನ್ನೆ ಹೆರೆಯುವಾಗ ನನ್ನ ಎಡಗೈ ತಲೆಯ ಮೇಲಿನಿಂದ ಬಂದು, ಕಿವಿಯ ಮುಂದಿನ ಚರ್ಮವನ್ನು ಬಿಗಿಯಾಗಿ ಮೇಲಕ್ಕೆ ಎಳೆದು ಹಿಡಿಯುತ್ತಿತ್ತು. ಎಡಗೆನ್ನೆಯ ಸರದಿ ಬಂದಾಗ ಬಲಗೈ ಸುಮ್ಮನೆ ದವಡೆಯ ಮೇಲೆ ಬೆರಳಿಟ್ಟುಕೊಂಡು ನಿಂತಿತ್ತು. ಕತ್ತಿ ಹಿಡಿಯುವುದನ್ನು ಎಡಗೈ ಕಲಿತಿತ್ತು, ಚರ್ಮ ಎಳೆದು ಹಿಡಿಯುವುದನ್ನು ಬಲಗೈ ಕಲಿತಿರಲಿಲ್ಲ. ಬಲಗೈಯ ಬೆರಳುಗಳನ್ನು ಬಟ್ಟೆಯಿಂದ ಒರೆಸಿ, ಪಟಿಕದ ತುಂಡನ್ನು ಒಮ್ಮೆ ಸವರಿಕೊಂಡು ಹಿಡಿತ ಬರಿಸಿಕೊಂಡು, ತಲೆಯ ಮೇಲಿನಿಂದ ಚರ್ಮವನ್ನು ಎಳೆದ ದಿನ ಎರಡು ಕೆನ್ನೆಗಳೂ ಒಂದೇ ಸಮವಾದವು.

ನೊರೆಯ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಮಾತು. ನಮ್ಮ ಮನೆಯಲ್ಲಿ ಕಾವೇರಿ ನೀರು ಬಾರದ ದಿನ ಕೊಳವೆಬಾವಿಯ ನೀರೇ ಗತಿ, ಆ ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆಯಾಗುವುದಿಲ್ಲ, ಆದ ನೊರೆಯೂ ಬೇಗ ಒಣಗುತ್ತದೆ. ಎಡಗೈ ನಿಧಾನವಾಗಿ ಸಾಗುವುದರಿಂದ ನೊರೆ ಹೆಚ್ಚು ಹೊತ್ತು ಹಸಿಯಾಗಿರಬೇಕು. ಒಂದು ಲೋಟ ಕಾವೇರಿ ನೀರನ್ನೋ ಫಿಲ್ಟರ್ ನೀರನ್ನೋ ಇದಕ್ಕೆಂದೇ ತೆಗೆದಿಡುತ್ತೇನೆ, ಎಡಗೆನ್ನೆಗೆ ಅದರ ಸರದಿ ಬಂದಾಗ ಹೊಸದಾಗಿ ನೊರೆ ಹಚ್ಚುತ್ತೇನೆ.

ಕತ್ತಿಯ ಕೊರತೆಗಳೂ ಇವೆ. ಬೆಲೆ 10,000 ರೂಪಾಯಿಗೂ ಮೇಲೆ, ಅದರ ಜೊತೆಗೆ ಚರ್ಮದ ಪಟ್ಟಿ ಮತ್ತು ಮಸೆಗಲ್ಲು ಬೇರೆ. ಪ್ರತಿ ಕ್ಷೌರಕ್ಕೆ ಮುನ್ನ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಚರ್ಮದ ಪಟ್ಟಿಯ ಮೇಲೆ 40 ಸಲವಾದರೂ ಎಳೆಯಬೇಕು, ಕೆಲವು ತಿಂಗಳಿಗೊಮ್ಮೆ ನುಣುಪಾದ ಕಲ್ಲಿನ ಮೇಲೆ ಮಸೆಯಬೇಕು. ತುಕ್ಕು ಹಿಡಿಯುವ ಉಕ್ಕಾದ್ದರಿಂದ ಮಳೆಗಾಲದಲ್ಲಿ ಸ್ನಾನದ ಮನೆಯಲ್ಲಿ ಇಡುವಂತಿಲ್ಲ. ನಾನು ಒರೆಸಿ, ಸ್ವಲ್ಪ ಹೊತ್ತು ಬಿಚ್ಚಿಟ್ಟು, ಹೊಲಿಗೆ ಯಂತ್ರದ ಎಣ್ಣೆ ಸವರಿ ಕೋಣೆಯ ಕಪಾಟಿನಲ್ಲಿ ಇಡುತ್ತೇನೆ. ಹಿಡಿಯ ಪ್ಲಾಸ್ಟಿಕ್ ಬೆಲೆಗೆ ತಕ್ಕಂತಿಲ್ಲ, ಒದ್ದೆಯಾದರೆ ಜಾರುತ್ತದೆ, ಕೈಯಿಂದ ಕೈಗೆ ಕತ್ತಿ ದಾಟಿಸುವಾಗ ಇದು ಸಣ್ಣ ಸಂಗತಿಯಲ್ಲ. ಹಾಗಾಗಿ ಕೈ ಬದಲಿಸುವ ಮೊದಲು ಅದನ್ನು ಬಟ್ಟೆಯ ಮೇಲೆ ಇಟ್ಟು, ಕೈ ಒರೆಸಿಕೊಂಡು, ಆಮೇಲೆ ಎತ್ತಿಕೊಳ್ಳುತ್ತೇನೆ.

ಇಷ್ಟಾದರೂ ಇದನ್ನೇ ಕೊಳ್ಳಿ ಎನ್ನುತ್ತೇನೆ, ಬೆಳಿಗ್ಗೆ 25 ನಿಮಿಷ ಬಿಡುವಿದ್ದು ಎರಡು ಕೈಗಳನ್ನೂ ಪಳಗಿಸುವ ಮನಸ್ಸಿರುವವರಿಗೆ. ಬಲಗೈಯೊಂದರಲ್ಲೇ ಮುಗಿಸುವವರಿಗೆ ಅಷ್ಟು ಖರ್ಚು ಬೇಡ, ಅಂಥವರಿಗೆ ಮಾಮೂಲಿ ಸೇಫ್ಟಿ ರೇಜರ್ ಸಾಕು. ಗಂಟಲಿನ ಎಡಭಾಗವನ್ನೂ ಕಳೆದ ತಿಂಗಳಿಂದ ಎಡಗೈಗೇ ಒಪ್ಪಿಸಿದ್ದೇನೆ. ಅಲ್ಲಿ ನನ್ನ ಕೂದಲು ಕೆಳಗಿನಿಂದ ಮೇಲಕ್ಕೆ ಬೆಳೆಯುವುದರಿಂದ ಕತ್ತಿಯನ್ನೂ ಕೆಳಗಿನಿಂದ ಮೇಲಕ್ಕೇ ಒಯ್ಯಬೇಕಾಗುತ್ತದೆ, ಆ ಚಲನೆ ಎಡಗೈಗೆ ಇನ್ನೂ ಪೂರ್ತಿ ಕೂತಿಲ್ಲ. ಮೀಸೆಯ ಅಂಚನ್ನು ಮಾತ್ರ ಎರಡೂ ಬದಿಯಲ್ಲಿ ಈಗಲೂ ಬಲಗೈಯೇ ತೀಡುತ್ತದೆ.