ಬೆಂಗಳೂರು ಪ್ರೆಸ್ ಕ್ಯಾಲೆಂಡರ್: ಹೊಲಿಗೆ ಮಷಿನ್ ಮೇಲಿನ ಗೋಡೆಗೆ ಇದೇ ಸರಿ

ತುಮಕೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಸೀರೆಗೆ ಫಾಲ್ಸ್, ಕುಚ್ಚು ಕೂಡ ಹಾಕಿಕೊಡುತ್ತೇನೆ. ಪ್ರತಿ ಡಿಸೆಂಬರ್‌ನಲ್ಲಿ ಗ್ರಂಥಿಗೆ ಅಂಗಡಿಗೆ ಹೋಗಿ, ದುಡ್ಡು ಕೊಟ್ಟು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತರುತ್ತೇನೆ. ಪುಕ್ಕಟೆ ಸಿಗುವ ಕ್ಯಾಲೆಂಡರ್‌ಗಳಲ್ಲಿ ಅರ್ಧ ಹಾಳೆ ಜಾಹೀರಾತೇ ಇರುತ್ತದೆ. ನನಗೆ ಬೇಕಾದದ್ದು ದಪ್ಪ ತಾರೀಖು, ತಿಥಿ, ನಕ್ಷತ್ರ, ಎಲ್ಲ ಧರ್ಮದವರ ಹಬ್ಬ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1916ರಲ್ಲಿ ಶುರುವಾದ ಪ್ರೆಸ್ ಇದು. ಅತ್ತೆಯ ತವರಲ್ಲೂ ಇದನ್ನೇ ತೂಗುಹಾಕುತ್ತಿದ್ದರಂತೆ.

ಇದರ ಬೆಲೆ ಗೊತ್ತಾಗಿದ್ದು 2026ರ ಮಾರ್ಚ್ ಹಾಳೆ ನೋಡಿದಾಗ. ಯುಗಾದಿ 19ಕ್ಕೆ. ಅದರ ಬೆನ್ನಿಗೇ ರಂಜಾನ್ ಹಬ್ಬ. ನನ್ನ ಗಿರಾಕಿಗಳಲ್ಲಿ ಎರಡೂ ಹಬ್ಬದವರಿದ್ದಾರೆ, ಎಲ್ಲರಿಗೂ ಬಟ್ಟೆ ಅದೇ ವಾರ ಬೇಕು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಅದೇ ತಿಂಗಳು. ಜನವರಿಯಲ್ಲೇ ಅತ್ತೆ ಆ ಹಾಳೆ ಎತ್ತಿ ನೋಡಿ, "ದೇವರು ಬೇಕಾದ್ರೆ ಕಾಯ್ತಾನೆ ಕಣಮ್ಮಾ, ಪರೀಕ್ಷೆ ಕಾಯಲ್ಲ" ಅಂದರು. ಮಾರ್ಚ್ ಮೊದಲ ವಾರಕ್ಕೇ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಆಮೇಲೆ ಬಂದವರಿಗೆ ಗೋಡೆ ತೋರಿಸಿ, "ಅಕ್ಕಾ, ಹಬ್ಬ ಕಳೆದ ಮೇಲೆ ಕೊಡ್ತೀನಿ" ಅಂದೆ. ಬಾಯಲ್ಲಿ ಇಲ್ಲ ಅಂದರೆ ಬೇಜಾರಾಗುವವರು, ಗೆರೆ ನೋಡಿದರೆ ಒಪ್ಪಿಕೊಳ್ಳುತ್ತಾರೆ. ನಾನು ಯಾರಿಗೂ ಸುಳ್ಳು ತಾರೀಖು ಹೇಳಬೇಕಾಗಲಿಲ್ಲ. ಅದಕ್ಕಿಂತ ದೊಡ್ಡ ನೆಮ್ಮದಿ ಈ ಕಸುಬಿನಲ್ಲಿ ಇಲ್ಲ.

ಇದೆಲ್ಲ ಫೋನ್‌ನಲ್ಲೂ ಸಿಗುತ್ತದೆ ಅಲ್ವಾ ಅಂತ ತಂಗಿ ಕೇಳುತ್ತಾಳೆ. ಸಿಗುತ್ತದೆ. ಆದರೆ ನನ್ನ ಫೋನ್ ನಾನೊಬ್ಬಳೇ ನೋಡುತ್ತೇನೆ, ಗೋಡೆಯನ್ನು ಮನೆಯವರೆಲ್ಲ ನೋಡುತ್ತಾರೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ನಮ್ಮೆಜಮಾನರ ನೈಟ್ ಶಿಫ್ಟ್ ಎಲ್ಲ ಅದರಲ್ಲೇ ಬರೆದಿರುತ್ತದೆ. ಸಂಕಷ್ಟಿಯ ದಿನ ಅತ್ತೆ ಚಂದ್ರನನ್ನು ನೋಡಿದ ಮೇಲೇ ಊಟ ಮಾಡುವುದು. ಅವತ್ತು ಎಷ್ಟೇ ಕೆಲಸ ಇರಲಿ, ಚಂದ್ರೋದಯಕ್ಕೆ ಮುಂಚೆ ಮಷಿನ್ ನಿಲ್ಲಿಸಿ ಅವರ ಜೊತೆ ಮಹಡಿ ಹತ್ತುತ್ತೇನೆ.

ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಮದುವೆ ಬಟ್ಟೆಗೆ ಆಗ ಕತ್ತರಿ ಹಾಕಬೇಡಿ ಅನ್ನುವವರು ಜಾಸ್ತಿ. ಅವರ ನಂಬಿಕೆಯನ್ನು ನಾನು ಪ್ರಶ್ನಿಸುವುದಿಲ್ಲ. ಆ ಹೊತ್ತಲ್ಲಿ ಹುಕ್ಸ್ ಹಾಕುತ್ತೇನೆ, ಕುಚ್ಚು ಕಟ್ಟುತ್ತೇನೆ.

ಈ ವರ್ಷ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15. ಸುಮಾರು ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸದಲ್ಲಿ ನಮ್ಮ ಕಡೆ ಮದುವೆ ಇಡುವುದಿಲ್ಲ. ಬೇರೆ ವರ್ಷ ಇದು ಉಸಿರಾಡೋಕೂ ಬಿಡುವಿಲ್ಲದ ಕಾಲ. ಸಂಪಾದನೆ ಕಮ್ಮಿ ಅಂತ ಮೊದಲೇ ಗೊತ್ತಿದ್ದರಿಂದ ಚೀಟಿ ದುಡ್ಡನ್ನು ಏಪ್ರಿಲ್ ಮದುವೆಗಳ ಕೂಲಿಯಲ್ಲೇ ಎತ್ತಿಟ್ಟೆ. ಮಕ್ಕಳ ರಜೆ ಮುಗಿಯುವ ಮುಂಚೆ ಅಮ್ಮನ ಮನೆಗೂ ಹೋಗಲು ದಿನ ಗೊತ್ತುಮಾಡಿದೆ. ಆಷಾಢ ಕಳೆದು ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಆಮೇಲೆ ಸೆಪ್ಟೆಂಬರ್ 14ಕ್ಕೆ ಗಣೇಶ. ಆಗ ಮತ್ತೆ ಪುರುಸೊತ್ತಿರುವುದಿಲ್ಲ.

ತಿಂಗಳಿಗೊಂದು ಹಾಳೆ ಇರುವ ಯಾವ ಗೋಡೆ ಕ್ಯಾಲೆಂಡರ್‌ಗೂ ಒಂದು ಕೊರತೆ ಇದೆ. ತಿಂಗಳ ಕೊನೆಯಲ್ಲಿ ಮುಂದಿನ ವಾರ ಕಾಣುವುದಿಲ್ಲ. ಆರ್ಡರ್ ತಗೊಳ್ಳುವವರಿಗೆ ಇದು ತೊಡಕು. 20ನೇ ತಾರೀಖು ದಾಟಿದ ಮೇಲೆ ಹಾಳೆ ಎತ್ತಿ ನೋಡಿಯೇ ಮಾತು ಕೊಡಿ. ತಿಂಗಳು ಮುಗಿದ ಹಾಳೆಯನ್ನು ಹರಿಯಬೇಡಿ, ಹಿಂದಕ್ಕೆ ಮಡಚಿ. ಹೋದ ವರ್ಷ ಯಾವ ಹಬ್ಬಕ್ಕೆ ಎಷ್ಟು ಬ್ಲೌಸ್ ಬಂತು ಅಂತ ಅದರಲ್ಲೇ ಸಿಗುತ್ತದೆ. ತೂಗುಹಾಕುವಾಗ ಮಕ್ಕಳ ಕೈಗೂ ಎಟುಕುವ ಹಾಗೆ ಮೊಳೆ ಹೊಡೆಯಿರಿ, ಅವರ ಶಾಲೆಯ ದಿನಗಳನ್ನು ಅವರೇ ಬರೆದುಕೊಳ್ಳಲಿ.