ಟೈಮ್‌ಲೈನ್‌ನಲ್ಲಿ ಓಡಾಟ: ಪ್ರೀಮಿಯರ್, ರಿಸಾಲ್ವ್, ಫೈನಲ್ ಕಟ್ ಹೋಲಿಕೆ

ವಿಡಿಯೊ ಸಂಕಲನದ ತಂತ್ರಾಂಶಗಳನ್ನು ಹೋಲಿಸುವವರು ಸಾಮಾನ್ಯವಾಗಿ ಬಣ್ಣ ತಿದ್ದುವಿಕೆ, ಎಫೆಕ್ಟ್‌ಗಳು, ರೆಂಡರ್ ವೇಗ ಇವುಗಳನ್ನೇ ಮುಂದಿಡುತ್ತಾರೆ. ಆದರೆ ಸಂಕಲನಕಾರರ ಕೈ ಎಲ್ಲಕ್ಕಿಂತ ಹೆಚ್ಚು ಸಲ ಮಾಡುವ ಕೆಲಸವೆಂದರೆ ಟೈಮ್‌ಲೈನ್‌ನಲ್ಲಿ, ಅಂದರೆ ತುಣುಕುಗಳನ್ನು ಕಾಲಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ, ಬೇಕಾದ ಜಾಗಕ್ಕೆ ಹೋಗಿ ನಿಲ್ಲುವುದು. ಅಡೋಬಿ ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್ ಮತ್ತು ಫೈನಲ್ ಕಟ್ ಪ್ರೊ ಈ ಮೂರರಲ್ಲೂ ಒಂದೇ ಬಗೆಯ ಕೆಲಸವನ್ನು, ಅಂದರೆ ಎರಡು ಕ್ಯಾಮೆರಾಗಳಲ್ಲಿ ಚಿತ್ರಿಸಿದ ಉದ್ದನೆಯ ಸಂದರ್ಶನಗಳ ಸಂಕಲನವನ್ನು, ಮಾಡಿ ನೋಡಿದ ಮೇಲೆ ನಾನು ಒಂದೇ ಅಳತೆಗೋಲಿಗೆ ಬಂದಿದ್ದೇನೆ: ಯಾವುದರಲ್ಲಿ ಝೂಮ್ ಮಾಡುವ ಅಗತ್ಯ ಕಡಿಮೆಯೋ ಅದರಲ್ಲಿ ಓಡಾಟ ಸಲೀಸು.

ಮೂರರಲ್ಲೂ ಸಮಾನವಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಕೀಲಿಮಣೆಯಲ್ಲಿ ಜೆ ಹಿಂದಕ್ಕೆ, ಕೆ ನಿಲುಗಡೆ, ಎಲ್ ಮುಂದಕ್ಕೆ. ಎಲ್ ಅನ್ನು ಮತ್ತೆ ಮತ್ತೆ ಒತ್ತಿದರೆ ವೇಗ ಏರುತ್ತದೆ, ಕೆ ಹಿಡಿದುಕೊಂಡು ಎಲ್ ಒತ್ತಿದರೆ ನಿಧಾನವಾಗುತ್ತದೆ. ಎಡ–ಬಲ ಬಾಣದ ಕೀಲಿಗಳು ಪ್ಲೇಹೆಡ್ ಅನ್ನು (ಟೈಮ್‌ಲೈನ್‌ನಲ್ಲಿ ನಾವಿರುವ ಜಾಗ ತೋರಿಸುವ ಗೆರೆಯನ್ನು) ಒಂದೊಂದು ಫ್ರೇಮ್ ಸರಿಸುತ್ತವೆ, ಮೇಲೆ–ಕೆಳಗಿನವು ಒಂದು ಕಟ್‌ನಿಂದ (ಎರಡು ತುಣುಕುಗಳು ಕೂಡುವ ಜಾಗದಿಂದ) ಇನ್ನೊಂದಕ್ಕೆ ಹಾರಿಸುತ್ತವೆ. ವ್ಯತ್ಯಾಸ ಶುರುವಾಗುವುದು ಶಿಫ್ಟ್ ಸೇರಿಸಿದಾಗ: ಎಡ–ಬಲ ಬಾಣಗಳೊಂದಿಗೆ ಅದು ಪ್ರೀಮಿಯರ್‌ನಲ್ಲಿ 5 ಫ್ರೇಮ್, ಫೈನಲ್ ಕಟ್‌ನಲ್ಲಿ 10 ಫ್ರೇಮ್, ರಿಸಾಲ್ವ್‌ನಲ್ಲಿ ಪೂರ್ತಿ ಒಂದು ಸೆಕೆಂಡ್ ಸರಿಸುತ್ತದೆ. ಮಾತಿನ ನಡುವಿನ ಉಸಿರನ್ನು ಹುಡುಕುವಾಗ ಒಂದು ಸೆಕೆಂಡ್ ಬಹಳ ದೊಡ್ಡ ಹೆಜ್ಜೆ. 5 ಫ್ರೇಮ್ ಹೆಚ್ಚು ಕಡಿಮೆ ಸರಿಯಾದ ಅಳತೆ ಎಂದು ನನಗೆ ಅನ್ನಿಸಿದೆ.

ಕಟ್‌ನಿಂದ ಕಟ್‌ಗೆ ಹಾರುವ ವಿಷಯದಲ್ಲಿ ಪ್ರೀಮಿಯರ್‌ಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಇದರಲ್ಲಿ ಪ್ಲೇಹೆಡ್, ಎಡ ಅಂಚಿನ ಗುಂಡಿಗಳಿಂದ ಗುರಿಯಾಗಿ ಆರಿಸಿದ ಟ್ರ್ಯಾಕ್‌ಗಳ (ಚಿತ್ರ, ಸದ್ದುಗಳ ಪದರಗಳ) ಕಟ್‌ಗಳಲ್ಲಿ ಮಾತ್ರ ನಿಲ್ಲುತ್ತದೆ. ಶಿಫ್ಟ್ ಸೇರಿಸಿ ಒತ್ತಿದರೆ ಎಲ್ಲ ಟ್ರ್ಯಾಕ್‌ಗಳ ಕಟ್‌ಗಳಲ್ಲೂ ನಿಲ್ಲುತ್ತದೆ. ಸಂಗೀತದ ಟ್ರ್ಯಾಕ್‌ನಲ್ಲಿ ಸಣ್ಣ ಸಣ್ಣ ತುಂಡುಗಳು ತುಂಬಿಕೊಂಡಿದ್ದರೂ ಅದನ್ನು ಆಯ್ಕೆಯಿಂದ ತೆಗೆದರೆ ಚಿತ್ರದ ಕಟ್‌ಗಳ ಮೇಲಷ್ಟೇ ನಡೆಯಬಹುದು. ಹೊಸಬರಿಗೆ ಈ ಬಣ್ಣದ ಗುಂಡಿಗಳು ಗೊಂದಲ ಹುಟ್ಟಿಸುವುದು ನಿಜ, ಆದರೆ ಟ್ರ್ಯಾಕ್‌ಗಳು ಆರೇಳು ದಾಟಿದ ಮೇಲೆ ಅವುಗಳ ಬೆಲೆ ತಿಳಿಯುತ್ತದೆ. ಪ್ರೀಮಿಯರ್ ಸೋಲುವುದು ದೂರದ ಪ್ರಯಾಣದಲ್ಲಿ. ಬ್ಯಾಕ್‌ಸ್ಲ್ಯಾಶ್ ಒತ್ತಿ ಇಡೀ ಸೀಕ್ವೆನ್ಸ್ (ಟೈಮ್‌ಲೈನ್‌ನಲ್ಲಿ ಜೋಡಿಸಿದ ಕಾರ್ಯಕ್ರಮ) ಅನ್ನು ಪರದೆಗೆ ಹೊಂದಿಸುವುದು, ಜಾಗ ಗುರುತಿಸುವುದು, ಆಲ್ಟ್ ಹಿಡಿದು ಮೌಸ್ ಚಕ್ರ ತಿರುಗಿಸಿ ಒಳಕ್ಕೆ ಹೋಗುವುದು, ಮತ್ತೆ ಹೊರಬರುವುದು. ಇದೇ ಕಸರತ್ತು ಮುಗಿಯದೆ ನಡೆಯುತ್ತದೆ.

ಈ ಕಸರತ್ತಿಗೆ ಮದ್ದು ರಿಸಾಲ್ವ್‌ನ ‘ಕಟ್’ ಎಂಬ ಪುಟದಲ್ಲಿದೆ (ರಿಸಾಲ್ವ್‌ನಲ್ಲಿ ಪುಟವೆಂದರೆ ಒಂದೊಂದು ಬಗೆಯ ಕೆಲಸಕ್ಕೆ ಮೀಸಲಾದ ಪರದೆ). 2019ರಲ್ಲಿ 16ನೇ ಆವೃತ್ತಿಯೊಂದಿಗೆ ಬಂದ ಈ ಪುಟದಲ್ಲಿ ಟೈಮ್‌ಲೈನ್ ಎರಡು ಬಾರಿ ಕಾಣುತ್ತದೆ: ಮೇಲಿನದು ಇಡೀ ಕಾರ್ಯಕ್ರಮದ ಉದ್ದವನ್ನು ತೋರಿಸಿದರೆ, ಕೆಳಗಿನದು ಪ್ಲೇಹೆಡ್‌ನ ಆಸುಪಾಸನ್ನು ಹಿಗ್ಗಿಸಿ ತೋರಿಸುತ್ತದೆ. ಗೋಡೆಗೆ ತೂಗುಹಾಕಿದ ನಕ್ಷೆಯನ್ನೂ ಕಾಲಬುಡದ ಹಾದಿಯನ್ನೂ ಒಟ್ಟಿಗೆ ನೋಡಿದ ಹಾಗೆ. ಸಂದರ್ಶನದ ಆರಂಭದಲ್ಲಿ ಇರುವಾಗಲೇ ಮೇಲಿನ ಪಟ್ಟಿಯ ಕೊನೆಯ ಭಾಗವನ್ನು ಕ್ಲಿಕ್ ಮಾಡಿದರೆ ಸಾಕು, ಕೆಳಗಿನ ಪಟ್ಟಿ ಅಲ್ಲಿಗೆ ಹೋಗಿರುತ್ತದೆ. ಝೂಮ್ ಎಂಬ ಕ್ರಿಯೆಯೇ ನಡುವೆ ಬರುವುದಿಲ್ಲ. ಪ್ಲೇಹೆಡ್ ಅನ್ನು ನಡುವೆ ಸ್ಥಿರವಾಗಿ ನಿಲ್ಲಿಸಿ ಅದರಡಿ ಟೈಮ್‌ಲೈನ್ ಹರಿಯುವಂತೆ ಮಾಡುವ ಆಯ್ಕೆಯೂ ಇದೆ. ನೋಟ ಒಂದೇ ಕಡೆ ನೆಟ್ಟಿರುವುದರಿಂದ ದೀರ್ಘ ಕೆಲಸದಲ್ಲಿ ಕಣ್ಣಿಗೆ ಆಯಾಸ ಕಡಿಮೆ. ಆದರೆ ರಿಸಾಲ್ವ್‌ನ ಎಡಿಟ್ ಪುಟಕ್ಕೆ ಬಂದ ಕೂಡಲೇ ಹಳೆಯ ಪಾಡೇ: ಶಿಫ್ಟ್ ಮತ್ತು ಝಡ್ ಒತ್ತಿ ಎಲ್ಲವನ್ನೂ ಪರದೆಗೆ ಹೊಂದಿಸಿಕೊಂಡು ಮತ್ತೆ ಒಳಹೋಗಬೇಕು.

ಫೈನಲ್ ಕಟ್ ಬೇರೆ ದಾರಿ ಹಿಡಿದಿದೆ. ಅದರ ಸ್ಕಿಮ್ಮರ್ ಎಂಬ ಇಣುಕುನೋಟದ ಸೌಲಭ್ಯ ಕ್ಲಿಕ್ ಬೇಡುವುದಿಲ್ಲ. ಕ್ಲಿಪ್‌ಗಳ ಮೇಲೆ ಮೌಸ್ ಸರಿದಂತೆಲ್ಲ ಆ ಜಾಗದ ಚಿತ್ರ ವೀಕ್ಷಣಾ ಕಿಟಕಿಯಲ್ಲಿ ಮೂಡುತ್ತದೆ, ಪ್ಲೇಹೆಡ್ ಮಾತ್ರ ತಾನಿದ್ದಲ್ಲೇ ಇರುತ್ತದೆ. ‘ಇದಕ್ಕಿಂತ ಮುಂಚಿನ ಶಾಟ್‌ನಲ್ಲಿ ಅವರ ಕೈ ಎಲ್ಲಿತ್ತು’ ಎಂದು ಇಣುಕಿ ನೋಡಿ ಮರಳುವುದಕ್ಕೆ ಇದಕ್ಕಿಂತ ಚುರುಕಾದ ಉಪಾಯ ಉಳಿದೆರಡರಲ್ಲಿ ನನಗೆ ಕಂಡಿಲ್ಲ. ಸದ್ದಿನೊಂದಿಗೆ ಸರಿಯುವುದು ಮಾತ್ರ ಕಿವಿಗೆ ಹಿಂಸೆ. ಶಿಫ್ಟ್ ಮತ್ತು ಎಸ್ ಒತ್ತಿ ಅದನ್ನು ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಟೈಮ್‌ಲೈನ್ ಇಂಡೆಕ್ಸ್ ಇನ್ನೊಂದು ಅನುಕೂಲ: ಕ್ಲಿಪ್‌ಗಳು, ಮಾರ್ಕರ್‌ಗಳು (ನಾವೇ ಹಾಕಿಕೊಂಡ ಗುರುತುಗಳು) ಹೆಸರಿನ ಸಮೇತ ಪಟ್ಟಿಯಾಗುತ್ತವೆ, ಹೆಸರಿನಿಂದ ಹುಡುಕಿ ಕ್ಲಿಕ್ ಮಾಡಿದರೆ ಅಲ್ಲಿಗೇ ತಲುಪುತ್ತೇವೆ. ಇದು ಆಪಲ್ ಸಾಧನಗಳಲ್ಲಿ ಮಾತ್ರ ಓಡುವ ತಂತ್ರಾಂಶ ಎಂಬುದೇ ಹಲವರ ಪಾಲಿಗೆ ಚರ್ಚೆಯನ್ನು ಮುಗಿಸಿಬಿಡುತ್ತದೆ.

ಅಂಕಿ ಒತ್ತಿ ಹೋಗುವ ವಿಧಾನವನ್ನು ಕಡೆಗಣಿಸುವವರೇ ಹೆಚ್ಚು. ಪ್ರೀಮಿಯರ್‌ನಲ್ಲಿ ಸಂಖ್ಯಾ ಕೀಲಿಗಳಿಂದ ಕೂಡಿಸುವ ಚಿಹ್ನೆ, 10, ಎಂಟರ್ ಒತ್ತಿದರೆ ಪ್ಲೇಹೆಡ್ 10 ಫ್ರೇಮ್ ಮುಂದೆ ಹೋಗುತ್ತದೆ. ಆದರೆ ಕ್ಲಿಪ್ ಒಂದು ಆಯ್ಕೆಯಾಗಿದ್ದರೆ ಪ್ಲೇಹೆಡ್ ಬದಲು ಆ ಕ್ಲಿಪ್ಪೇ ಸರಿಯುತ್ತದೆ, ಆದ್ದರಿಂದ ಮೊದಲು ಆಯ್ಕೆಯನ್ನು ತೆರವುಗೊಳಿಸಬೇಕು.

ಒಂದರಿಂದ ಇನ್ನೊಂದಕ್ಕೆ ದಾಟುವವರಿಗಾಗಿ ರಿಸಾಲ್ವ್ ತನ್ನೊಳಗೇ ಪ್ರೀಮಿಯರ್ ಮತ್ತು ಫೈನಲ್ ಕಟ್‌ಗಳ ಕೀಲಿ ವಿನ್ಯಾಸಗಳನ್ನು ಸಿದ್ಧವಾಗಿ ಇಟ್ಟುಕೊಂಡಿದೆ. ಅದನ್ನು ಆರಿಸಿಕೊಂಡರೆ ಬೆರಳಿನ ಅಭ್ಯಾಸ ಉಳಿಯುತ್ತದೆ. ಆದರೂ ಸಂದರ್ಶನದ ಮೊದಲ ಸುತ್ತಿನ ಕತ್ತರಿಸುವಿಕೆಯನ್ನು ಕಟ್ ಪುಟದಲ್ಲೇ ಮಾಡಿ, ಟ್ರ್ಯಾಕ್‌ಗಳು ಹೆಚ್ಚಾದಾಗ ಮಾತ್ರ ಎಡಿಟ್ ಪುಟಕ್ಕೆ ಹೋಗುವಂತೆ ನಾನು ಹೇಳುತ್ತೇನೆ.