ಮೊದಲ ರಿಕರ್ವ್ ಬಿಲ್ಲು, ಎರಡು ವರ್ಷದ ಮೇಲೆ: 32 ಪೌಂಡ್ ತಗೊಂಡು ಪಟ್ಟ ಪಾಡು

ಮೊದಲ ನಾಲ್ಕು ತಿಂಗಳು ಈ ಬಿಲ್ಲನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ವಾರಕ್ಕೆ ಮೂರು ಸಂಜೆ ಆಫೀಸು ಮುಗಿಸಿ ಇದಕ್ಕೋಸ್ಕರ ಓಡುತ್ತೇನೆ. ಬಿಲ್ಲು ಅದೇ. ಬದಲಾಗಿದ್ದು ಲಿಂಬ್, ಅಂದರೆ ಹಿಡಿಯ ಮೇಲೆ ಕೆಳಗೆ ಇರೋ ಬಾಗುವ ಪಟ್ಟಿಗಳು, ಅಷ್ಟೇ.

ರಿಕರ್ವ್ ಅಂದರೆ ತುದಿಗಳು ಮುಂದಕ್ಕೆ ಬಾಗಿರೋ ಬಿಲ್ಲು. ನನ್ನದು 66 ಇಂಚಿನ ಮರದ ಟೇಕ್‌ಡೌನ್ ಬಿಲ್ಲು. ನಡುವಿನ ರೈಸರ್ ಬೇರೆ, ಎರಡು ಲಿಂಬ್ ಬೇರೆ, ಬೋಲ್ಟ್ ಹಾಕಿ ಬಿಗಿಯೋದು. ಹೆದೆ ಎಳೆಯೋಕೆ ಬೇಕಾದ ಬಲವನ್ನು ಪೌಂಡಿನಲ್ಲಿ ಹೇಳುತ್ತಾರೆ. ಅಂಗಡಿಯವರು "ಮೇಡಂ, ಒಂದು ತಿಂಗಳಲ್ಲಿ ತೋಳಿಗೆ ಬಲ ಬರುತ್ತೆ, ಈಗಲೇ 32 ಪೌಂಡ್ ತಗೊಂಡ್ಬಿಡಿ, ಆಮೇಲೆ ಮತ್ತೆ ಖರ್ಚು ಬೇಡ" ಅಂದರು. ಖರ್ಚು ಬೇಡ ಅನ್ನೋ ಮಾತಿಗೆ ನಾನು ಒಪ್ಪಿಬಿಟ್ಟೆ. ನನ್ನ ತೋಳಿನ ಅಳತೆ ಯಾರೂ ಕೇಳಲಿಲ್ಲ.

ಆ ಅಳತೆ ಸುಲಭ. ಎರಡೂ ಕೈ ಅಗಲಿಸಿ ನಿಂತು, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿವರೆಗೆ ಅಳೆದು 2.5ರಿಂದ ಭಾಗಿಸಿ. ನನ್ನದು 64 ಇಂಚು, ಅಂದರೆ ಹೆದೆ ಎಳೆಯೋದು ಸುಮಾರು 25.5 ಇಂಚು. ಲಿಂಬ್ ಮೇಲೆ ಬರೆದಿರೋ ಪೌಂಡು 28 ಇಂಚು ಎಳೆದಾಗಿನದು. ಒಂದು ಇಂಚು ಕಡಿಮೆ ಆದರೆ ಹೆಚ್ಚುಕಡಿಮೆ 2 ಪೌಂಡ್ ಇಳಿಯುತ್ತೆ. ಹಾಗಾಗಿ ನನ್ನ ಬೆರಳಿಗೆ ಬೀಳುತ್ತಿದ್ದದ್ದು 27 ಪೌಂಡ್. ಒಂದು ಸಂಜೆ 60 ಬಾಣ ಬಿಟ್ಟರೆ ಒಟ್ಟು 730 ಕೆಜಿಗೂ ಜಾಸ್ತಿ! ಹೊಸಬರ ಭುಜ ಅದನ್ನು ಹೇಗೆ ತಡೆಯಬೇಕು ಹೇಳಿ. ಇಪ್ಪತ್ತನೇ ಬಾಣಕ್ಕೆ ಕೈ ನಡುಗೋದು. ಹೆದೆ ಗಲ್ಲಕ್ಕೆ ತಾಗೋ ಮೊದಲೇ ಬಿಟ್ಟುಬಿಡುತ್ತಿದ್ದೆ. ರಾತ್ರಿ ಬಲಗಡೆ ಮಲಗೋಕೆ ಆಗುತ್ತಿರಲಿಲ್ಲ.

ಒಂದಿನ ಕೋಚ್ ಸರ್ ತಮ್ಮ 20 ಪೌಂಡಿನ ಜೋಡಿ ಹಾಕಿಕೊಟ್ಟರು. ಎಳೆದೆ. ಹೆದೆ ಗಲ್ಲಕ್ಕೆ ಬಂದು ನಿಂತಿತು. ಮೊದಲ ಸಲ ಅಲ್ಲಿ ನಿಂತು ಉಸಿರಾಡೋಕೆ, ಗುರಿ ನೋಡೋಕೆ ಸಮಯ ಸಿಕ್ಕಿತು. ಆ ವಾರವೇ 3,200 ರೂಪಾಯಿ ಕೊಟ್ಟು ಅಂಥದ್ದೇ ಜೋಡಿ ತರಿಸಿದೆ. ಟೇಕ್‌ಡೌನ್ ಆಗಿದ್ದಕ್ಕೆ ಅಷ್ಟರಲ್ಲಿ ಮುಗಿಯಿತು. ಒಂದೇ ತುಂಡಿನ ಬಿಲ್ಲಾಗಿದ್ದರೆ ಪೂರ್ತಿ ಹೊಸದೇ ಬೇಕಿತ್ತು. ಬಾಣಗಳಂತೂ ದಂಡ. ಅಂಗಡಿಯವರು ಕೊಟ್ಟಿದ್ದು 500 ಸ್ಪೈನ್‌ನವು (ಸ್ಪೈನ್ ಅಂದರೆ ಬಾಣ ಎಷ್ಟು ಬಳುಕುತ್ತೆ ಅನ್ನೋ ಅಳತೆ), ಹಗುರ ಬಿಲ್ಲಿಗೆ ತೀರಾ ಬಿರುಸು, ಎಲ್ಲವೂ ಎಡಕ್ಕೇ ಹೋಗುತ್ತಿದ್ದವು. ಸ್ಪೈನ್ ಅಂಕಿ ಜಾಸ್ತಿ ಇದ್ದಷ್ಟೂ ಬಾಣ ಬಳುಕುತ್ತೆ. 1000ದ್ದು ತಂದ ಮೇಲೆ ಸರಿಹೋಯಿತು.

ಇನ್ನು ನಾನು ಹೇಳಲೇಬೇಕಾದ ಸುಖ ಒಂದಿದೆ: ಹೆದೆ ಏರಿಸೋದು. ಸ್ಟ್ರಿಂಗರ್ ಅಂದರೆ ಹೆದೆ ಏರಿಸೋಕೆ ಬಳಸೋ ಹಗ್ಗ, ಅದರ ಚರ್ಮದ ಚೀಲಗಳನ್ನು ಬಿಲ್ಲಿನ ಎರಡೂ ತುದಿಗೆ ತೊಡಿಸುತ್ತೇನೆ. ಹಗ್ಗ ತುಳಿದು ಹಿಡಿಯನ್ನು ಮೇಲಕ್ಕೆತ್ತಿದರೆ ಲಿಂಬ್ ಎರಡೂ ಒಟ್ಟಿಗೆ ಬಾಗುತ್ತವೆ. ಕುಣಿಕೆ ಮೆಲ್ಲಗೆ ಜಾರಿ ಕಚ್ಚಿನಲ್ಲಿ ಕೂರುತ್ತೆ. ಹಿಡಿಯಿಂದ ಹೆದೆಗೆ 8 ಇಂಚು ಇದೆಯಾ ಅಂತ ಅಳೆಯುತ್ತೇನೆ. ಕಡಿಮೆ ಇದ್ದರೆ ಬಿಚ್ಚಿ ಹೆದೆಗೆ ನಾಲ್ಕು ಸುತ್ತು ಜಾಸ್ತಿ ಹೊಸೆಯುತ್ತೇನೆ. ಆಮೇಲೆ ಬೆರಳಿನಿಂದ ಒಮ್ಮೆ ಮೀಟಿದರೆ ತಂಬೂರಿಯ ದಪ್ಪ ತಂತಿಯ ಹಾಗೆ ಗುಂಯ್ ಅನ್ನುತ್ತೆ. ಸ್ವಯಂವರದ ಕಥೆಗಳಲ್ಲಿ ಹೆದೆ ಏರಿಸೋದನ್ನೇ ಯಾಕೆ ಪರೀಕ್ಷೆ ಇಟ್ಟರು ಅಂತ ಈಗ ಗೊತ್ತಾಗುತ್ತೆ. ದಯವಿಟ್ಟು ಸ್ಟ್ರಿಂಗರ್ ಇಲ್ಲದೆ ಕಾಲಿಗೆ ಒತ್ತಿ ಬಗ್ಗಿಸಬೇಡಿ, ಲಿಂಬ್ ತಿರುಚಿಕೊಳ್ಳುತ್ತೆ. ಬಾಣ ಇಲ್ಲದೆ ಎಳೆದು ಬಿಡಲೂಬೇಡಿ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಲಿಂಬಿಗೇ ಹೊಡೆಯುತ್ತೆ, ಸೀಳಿಹೋಗಬಹುದು.

ಸಂಜೆ ಮುಗಿದ ಮೇಲೆ ಹೆದೆ ಇಳಿಸಿ, ವಾರಕ್ಕೊಮ್ಮೆ ಜೇನುಮೇಣ ಸವರಿ, ಎಳೆಗಳು ಬೆಚ್ಚಗಾಗೋವರೆಗೆ ಬೆರಳಲ್ಲಿ ತೀಡುತ್ತೇನೆ. ಎರಡು ವರ್ಷದಲ್ಲಿ ಬದಲಿಸಿದ್ದು ಒಂದೇ ಹೆದೆ.

ಕೊರತೆ ಅಂದರೆ ಜೊತೆಗೆ ಬಂದ ಅಂಟಿಸುವ ಆರೋ ರೆಸ್ಟ್, ಬಾಣ ಕೂರಿಸೋ ಪುಟ್ಟ ಆಸರೆ. ಎರಡು ಬೇಸಿಗೆಯಲ್ಲಿ ಮೂರು ಸಲ ಕಿತ್ತು ಬಂತು. ರೈಸರ್ ಹಿಡಿಯೂ ನನ್ನ ಅಂಗೈಗೆ ಸ್ವಲ್ಪ ದಪ್ಪ.

18 ಮೀಟರ್‌ನಲ್ಲಿ ಈಗ ಆರಕ್ಕೆ ಆರು ಬಾಣ ಗುರಿಹಾಳೆಯಲ್ಲೇ ಇರುತ್ತವೆ. 30 ಮೀಟರ್‌ಗೆ ಹೋಗೋಕೆ 24ರ ಲಿಂಬ್ ಬೇಕು, ದುಡ್ಡು ಎತ್ತಿಡುತ್ತಿದ್ದೇನೆ. 20ರ ಜೋಡಿ ಅಕ್ಕನ ಮಗಳಿಗೆ. ಅವಳ ಕೈ ಅಗಲಿಸಿ ಅಳೆದಾಯಿತು, 61 ಇಂಚು.